ಗುಲಾಬಕ್ಕನ ಹೇಂಟೆ, ಕಡಲಾಮೆಯ ಮೊಟ್ಟೆ

ಮರವಂತೆಯ ಗುಲಾಬಕ್ಕನಿಗೆ ಬೆಳಗಾದರೆ ನಾಯಿಗಳ ಜೊತೆ ಜಗಳ. ಮನೆಯೆದುರಿನ ಮರಳಲ್ಲಿ ಮೀನು ಒಣಗಿಸುತ್ತಾಳೆ, ನಾಯಿಗಳು ಬಿಡಬೇಕಲ್ಲ! ಅಂದು ಮಾತ್ರ ಅವು ಮೀನು ಬಿಟ್ಟು ಮರಳು ಕೆದರುತ್ತಿದ್ದವು. ಕೋಲು ಬೀಸಿ ಓಡಿಸಿ ನೋಡಿದರೆ ಕುಳಿಯ ತುಂಬ ಬೆಳ್ಳಗಿನ ದುಂಡನೆಯ ಮೊಟ್ಟೆಗಳು. ಪಕ್ಕದಲ್ಲಿ, ಕಡಲಿಂದ ಬಂದು ಕಡಲಿಗೇ ಮರಳಿದ ಆಮೆಯ ಹೆಜ್ಜೆ.

"ಅಯ್ಯೋ, ಮೊಟ್ಟಿ ಇಟ್ಟ್ ಬಿಟ್ಟಿಕ್ ಹೋಯ್ತಲೆ! ಇಂಥಾ ತಾಯಿಯೂ ಇರತ್ತಾ?"

ಗುಲಾಬಕ್ಕ ಮೇಲಿದ್ದ ಏಳು ಮೊಟ್ಟೆಗಳನ್ನು ಮಡಿಲಿಗೆ ಹಾಕಿಕೊಂಡು ಬಂದವಳೇ, ಕಾವಿಗೆ ಕೂತಿದ್ದ ಹೇಂಟೆಯ ಅಡಿಗೆ ಮೆಲ್ಲನೆ ಸರಿಸಿದಳು.

ಕಡಲಲ್ಲಿ ಬಲೆ ಬೀಸುವ ಗಂಡ ಅಣ್ಣಯ್ಯ ಎಲೆಯಡಿಕೆ ಜಗಿಯುತ್ತ ನಕ್ಕ. "ಮರಿ ಕಡ್ಲಿಗ್ ಹೋರೆ ನಿನ್ ಹೇಂಟೆಯೂ ಹಿಂದೆ ಈಜುಕ್ ಹೋತ್ತಾ ಎಂತ?"

"ಹ್ವಾಯ್, ನೀವ್ ಸುಮ್ನಿರಿ ಕಾಂಬ!"

ಅರಣ್ಯ ಇಲಾಖೆಯವರ ಜೊತೆ ಆಮೆಗೂಡು ಕಾಯುವ ನೆರೆಮನೆಯ ಅನಿಷಾ, ಹೆಜ್ಜೆಯ ಜಾಡು ಹಿಡಿದು ಅಷ್ಟರಲ್ಲಿ ಬಂದಳು. ಹೇಂಟೆಯ ಅಡಿಯ ಮೊಟ್ಟೆ ಕಂಡು ಅವಳಿಗೆ ನಗುವೂ ಬಂತು, ಸಂಕಟವೂ ಆಯಿತು.

"ಗುಲಾಬಕ್ಕ, ಇದ್ ಕೋಳಿ ಮೊಟ್ಟಿ ಅಲ್ದೆ! ಇಟ್ಟ್ ನಾಲ್ಕೈದ್ ಗಂಟಿ ಆದ್ಮೇಲ್ ಹೊರಳ್ಸಿರೆ ಒಳ್ಗಿನ್ ಜೀವ ಹೋತ್ತ್. ಮುಟ್ಟುದ್ ಕಾನೂನಿಗೂ ತಪ್ಪು."

"ಹಂಗಾರೆ ಕಾವ್ ಯಾರ್ ಕೊಡುದ್ ಹೆಣೆ?"

"ಮರಳಿನ್ ಬಿಸಿಯೇ ಕಾವ್. ಅದನ್ ನಂಬ್ಕಂಡೇ ತಾಯಿ ಹೋದ್ದ್. ಹೆಣ್ಣಾಮೆ ತಾನ್ ಹುಟ್ಟಿದ್ ಕಡಲ್ಕರೆಗೇ ಮೊಟ್ಟಿ ಇಡುಕ್ ಬಪ್ಪುದ್. ಇದ್ ಅದ್ರ ತೌರ್ಮನಿ."

ತವರು ಎಂದದ್ದೇ ಗುಲಾಬಕ್ಕ ಮೆತ್ತಗಾದಳು. ಕಳೆದ ವರ್ಷ ಮಗಳು ಬಾಣಂತನಕ್ಕೆ ಬಂದದ್ದು ಇದೇ ಮನೆಗೆ. ಆದರೂ ಒಂದು ಕೊಸರು ಉಳಿದಿತ್ತು.

"ನನ್ ಮೀನ್ ಒಣಗ್ಸುದ್ ಎಲ್ಲಿ?"

"ಮರಿ ಆಪುಕ್ ಐವತ್ತ್ ದಿನ ಬೇಕ್, ಅಲ್ಲಿವರೆಗೆ ಹಿತ್ಲಲ್ ಒಣಗ್ಸಿ. ಆ ವಾಸ್ನಿಗೇ ನಾಯಿ ಬಪ್ಪುದ್. ಮತ್ತೆ, ಬಲಿಗ್ ಬಿದ್ದ್ ಕೈ ತುರಿಸ್ತಲ್ದಾ ಲೋಳೆಮೀನ್? ಅದನ್ ತಿಂಬುದ್ ಈ ಆಮೆಯೇ."

ಅಣ್ಣಯ್ಯನ ನಗು ನಿಂತಿತು. ಕೈ ತುರಿಸಿಕೊಳ್ಳುತ್ತ ಒಳಗೆ ಹೋದವನು, ಗೂಡಿಗೆ ಬೇಲಿ ಕಟ್ಟಲು ಹಳೆಯ ಬಲೆ ಹೊತ್ತು ತಂದ. ದೀಪದ ಬೆಳಕು ಕಂಡರೆ ಮರಿಗಳು ಕಡಲ ದಾರಿ ತಪ್ಪುತ್ತವೆ ಎಂದು ತಿಳಿದ ಮೇಲೆ, ಗುಲಾಬಕ್ಕ ಜಗಲಿಯ ದೀಪ ಹಚ್ಚುವುದನ್ನೇ ಬಿಟ್ಟಳು. ಹೇಂಟೆಯ ಅಡಿಯ ಏಳು ಮೊಟ್ಟೆಗಳನ್ನು ಅನಿಷಾ ಪಕ್ಕದ ಕುಳಿಯಲ್ಲಿ ಹೂತಿಟ್ಟಳು.

ಐವತ್ತನೆಯ ದಿನ, ಬೆಳಕು ಹರಿಯುವ ಹೊತ್ತಿಗೆ ಮರಳು ಮಿಸುಕಿತು. ಹುಣಸೆಬೀಜದ ಬಣ್ಣದ ಮರಿಗಳು ಒಂದರ ಮೇಲೊಂದು ಹತ್ತಿ ಹೊರಬಂದವು. ಅನಿಷಾ ಬೇಲಿ ಸರಿಸಿದಳು. ಗುಲಾಬಕ್ಕ ಮುಟ್ಟಲಿಲ್ಲ, ಕೋಲು ಹಿಡಿದು ಕಾಗೆ ನಾಯಿಗಳನ್ನು ಅಟ್ಟುತ್ತ ಜೊತೆಗೆ ನಡೆದಳು.

"ಹೋಯ್ನಿ ಮಕ್ಳೆ. ದೊಡ್ಡೋರಾಯ್ಕಂಡ್ ತೌರಿಗ್ ಬನ್ನಿ."

ಪಕ್ಕದ ಕುಳಿ ಮಾತ್ರ ಮಿಸುಕಲಿಲ್ಲ. ಗುಲಾಬಕ್ಕ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಮರಳನ್ನು ಅಂಗೈಯಿಂದ ಸವರಿದಳು. "ನಂಗ್ ಗೊತ್ತಿರ್ಲಿಲ್ಲೆ ಮಕ್ಳೆ," ಎಂದಳು.

ನಿಮಗೀಗ ಗೊತ್ತಾಯಿತಲ್ಲ? ಕಡಲಕರೆಯಲ್ಲಿ ಆಮೆಯ ಹೆಜ್ಜೆ ಕಂಡರೆ ಮೊಟ್ಟೆ ಮುಟ್ಟಬೇಡಿ. ನಾಯಿಗಳನ್ನು ದೂರವಿಡಿ, ಕಡಲಿಗೆ ಕಾಣುವ ದೀಪ ಆರಿಸಿ, ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ. ದೂರದಿಂದ ಈಜಿ ತವರಿಗೆ ಬಂದವಳು ತನ್ನ ಮಕ್ಕಳನ್ನು ನಮ್ಮ ಅಂಗಳದಲ್ಲಿ ಬಿಟ್ಟು ಹೋಗಿದ್ದಾಳೆ. ಕಾಯೋಣ.