ಕೀಬೋರ್ಡಿನ ಅಡಿಯ ಕಾಫಿ

ಬೆಳಿಗ್ಗೆ ಕಾಲೇಜಿನ ಪಾಠ ಸಿದ್ಧಪಡಿಸಲು ಕೂತ ಪ್ರೇಮಲೀಲಾ, ಲ್ಯಾಪ್‌ಟಾಪಿನ ಅರ್ಧ ಕೀಗಳು ಅಂಟಿಕೊಂಡಿದ್ದನ್ನು ಕಂಡು ಸಿಡಿದೆದ್ದಳು. ಪಕ್ಕದಲ್ಲೇ ಮಗಳು ನಿಶ್ಚಿತಾಳ ಹಾಲಿನ ಲೋಟವಿತ್ತು.

"ಇದರ ಹತ್ರ ಹಾಲು ತರ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ!" ಎಂದು ಮಗಳ ಬೆನ್ನಿಗೆ ಎರಡು ಬಾರಿಸಿದಳು.

"ನಾನಲ್ಲ ಕಣಮ್ಮ," ಎಂದು ಮಗು ಅಳುತ್ತಲೇ ಶಾಲೆಗೆ ಹೋಯಿತು. ಗಂಡ ಸಿದ್ದಲಿಂಗಸ್ವಾಮಿ ಪೇಪರಿನಿಂದ ತಲೆ ಎತ್ತಲಿಲ್ಲ.

ಸಂಜೆ ಗಂಡ ಹೆಂಡತಿ ಅಗ್ರಹಾರದ ರಿಪೇರಿ ಅಂಗಡಿಗೆ ಹೋದರು. ಅಂಗಡಿಯವನು ಸ್ಕ್ರೂ ಬಿಚ್ಚಿ ಕೀಬೋರ್ಡ್ ಎತ್ತಿದೊಡನೆ ಕಾಫಿಯ ವಾಸನೆ ಹೊಡೆಯಿತು.

"ಸಕ್ಕರೆ ಕಚ್ಕೊಂಡಿದೆ ಮೇಡಂ. ಬೇರೆ ಕೀಬೋರ್ಡೇ ಹಾಕ್ಬೇಕು."

ಆ ಮನೆಯಲ್ಲಿ ಕಾಫಿ ಕುಡಿಯುವವನು ಸಿದ್ದಲಿಂಗಸ್ವಾಮಿ ಒಬ್ಬನೇ.

"ಚೆಲ್ಲಿದ್ದು ನೀವಾ?"

"ರಾತ್ರಿ ಮೇಲ್ ನೋಡೋವಾಗ ಕೈ ತಗುಲ್ತು. ಒರೆಸ್ಬುಟ್ಟೆ, ಸರಿಹೋಗತ್ತೆ ಅಂದ್ಕೊಂಡೆ."

"ಚೆಲ್ಲಿದ್ರೆ ಚೆಲ್ಲಿ ಹಾಳಾಗ್ಲಿ! ಮಗು ಏಟು ತಿನ್ತಿದ್ರೆ ನೋಡ್ಕೊಂಡು ಕೂತಿದ್ರಲ್ಲ, ನಾಚ್ಕೆ ಆಗ್ಲಿಲ್ವೇನ್ರಿ?"

ಅವನು ಸ್ಕೂಟರ್ ತೆಗೆದರೂ ಅವಳು ಹಿಂದೆ ಕೂರಲಿಲ್ಲ. ಆಟೋ ಹಿಡಿದು ಮನೆಗೆ ಬಂದವಳೇ ಮಗಳನ್ನು ತಬ್ಬಿಕೊಂಡು, ತಪ್ಪಾಯಿತು ಎಂದಳು. ಆಮೇಲೆ ಗಂಡನನ್ನು ಮಗಳೆದುರು ನಿಲ್ಲಿಸಿದಳು.

"ಚೆಲ್ಲಿದ್ದು ನಾನೇ ಪುಟ್ಟಿ," ಎಂದ ಸಿದ್ದಲಿಂಗಸ್ವಾಮಿ.

"ಗೊತ್ತು. ನೀನು ಒರೆಸೋದ್ನ ನೋಡಿದ್ದೆ."

"ಮತ್ತೆ ಅಮ್ಮಂಗೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂದ್ಕೊಂಡೆ, ಅಪ್ಪ."

ತುಸು ಇಳಿದಿದ್ದ ಪ್ರೇಮಲೀಲಾಳ ಸಿಟ್ಟು ಮತ್ತೆ ನೆತ್ತಿಗೇರಿತು. ಆ ರಾತ್ರಿ ಅವಳು ಎರಡೇ ತಟ್ಟೆ ಹಾಕಿದಳು.