ನಕ್ಷತ್ರದ ಆರು ಗಂಟೆ

ಪರದೆಯ ಮೇಲಿನ ಗೆರೆ ಒಂದೇ ಕಡೆ ಉಬ್ಬಿದೆ, ಮಗು ಹೊದಿಕೆಯೊಳಗೆ ಮಂಡಿ ಎತ್ತಿ ಮಲಗಿದ ಹಾಗೆ, ಅವಳು ಅದನ್ನು ಮೆಲ್ಲಗೆ ಸವರುತ್ತಾಳೆ, ಗಾಜು ಬೆಚ್ಚಗಿದೆ — ನೆಲದಡಿಯ ನೀರಿನ ತೊಟ್ಟಿಯನ್ನು ಕಟ್ಟಿಸುತ್ತ, ಆಮೇಲೆ ಅದರಲ್ಲಿ ನ್ಯೂಟ್ರಿನೊ ಎಂಬ ಕಣಗಳನ್ನು ಎಣಿಸುತ್ತ ಆರು ವರ್ಷ ಕಳೆದದ್ದು ಈ ಉಬ್ಬಿಗಾಗಿಯೇ, ಯಾವ ದಿಕ್ಕಿಗೆ ತಿರುಗಿದರೂ ಆಕಾಶದ ನಿಯಮ ಒಂದೇ ಎನ್ನುತ್ತವೆ ಪುಸ್ತಕಗಳೆಲ್ಲ, ಆದರೆ ಭೂಮಿ ನಕ್ಷತ್ರಗಳೆದುರು ಒಂದು ಸುತ್ತು ತಿರುಗುವಷ್ಟರಲ್ಲಿ ಒಂದು ಗಳಿಗೆ, ದಿನಾ ಅದೇ ಗಳಿಗೆ, ಕಣಗಳು ಹೆಚ್ಚು ಬರುತ್ತಿವೆ, ಅಂದರೆ ಆಕಾಶಕ್ಕೂ ಒಂದು ಒಲವಿದೆ, ಒಂದು ಕಡೆಗೆ ಮುಖವಿದೆ, ಅಂತೂ ನಿನ್ನ ಕಣ್ಣಿಗೆ ಬಿತ್ತಲ್ಲ ಬಿಡು ಎಂದಿದ್ದಳು ಅಮ್ಮ ಫೋನಿನಲ್ಲಿ, ಮಧ್ಯಾಹ್ನ ಮೂರಕ್ಕೆ ಎಲ್ಲರೆದುರು ಹೇಳಬೇಕು, ಈಗ ಎರಡೂ ಮುಕ್ಕಾಲು, ಸುಮ್ಮನಿರಲಾರದೆ ದೀಪದಣ್ಣನ ಹತ್ತಿರ ಯಾಕಾದರೂ ಹೋದಳೋ.

ಕಣಗಳ ಮಿನುಗನ್ನು ಹಿಡಿದು ಎಣಿಸುವ ತೊಟ್ಟಿಯ ಗೋಡೆಯ ಗಾಜುಗಣ್ಣುಗಳು ಸರಿಯಿವೆಯೋ ಎಂದು ನೋಡಲು ದಿನಕ್ಕೊಮ್ಮೆ ಒಳಗೆ ದೀಪ ಮಿನುಗಿಸುವವರು ದೀಪದಣ್ಣ, ರಿಜಿಸ್ಟರಿನಲ್ಲಿ ಎರಡು ವರ್ಷದಿಂದ ಒಂದೇ ಬರಹ, ಆರು ಗಂಟೆ, ಆರು ಗಂಟೆ, ಆ ಬೆಳಕು ಕಣಗಳ ಜೊತೆ ಸೇರದಿರಲೆಂದು ಅವಳು ದಿನಾ ಆ ಹೊತ್ತಿನ ಎಣಿಕೆಯನ್ನು ತೆಗೆದುಹಾಕಿದ್ದಾಳೆ, ಬೆಳಿಗ್ಗೆ ಆರಕ್ಕೇ ತಾನೇ ಅಣ್ಣಾ ಎಂದು ಕೇಳಿದ್ದು ಬರೀ ಬಾಯಿಮಾತಿಗೆ, ಅವರು ನಕ್ಕರು, ಯಾವ ಬೆಳಿಗ್ಗೆಯಮ್ಮಾ, ಗೋಡೆಗೆ ನೀವೇ ಹಾಕಿದ್ರಲ್ಲ ನಕ್ಷತ್ರದ ಗಡಿಯಾರ, ದಿನಾ ನಾಲ್ಕು ನಿಮಿಷ ಮುಂದೆ ಓಡೋದು, ನಮ್ಮ ಕೆಲಸಕ್ಕೆಲ್ಲ ಇದೇ ಅಂದ್ರಲ್ಲ, ಅದರಲ್ಲಿ ಆರಾದಾಗ ಒತ್ತೋದು, ಇದೇ ಬೆರಳಲ್ಲಿ, ಒಂದಿನಾನೂ ತಪ್ಪಿಸಿಲ್ಲ — ದಿನಕ್ಕೆ ನಾಲ್ಕು ನಿಮಿಷ ಮುಂಚೆ, ಜಾರುತ್ತ ಜಾರುತ್ತ ವರ್ಷದಲ್ಲಿ ಇಡೀ ಹಗಲು, ಇಡೀ ರಾತ್ರಿ — ನಿಮ್ಮ ಅತ್ತಿಗೆ ಬೈತಾಳೆ, ಇದೆಂಥ ಡ್ಯೂಟಿ ರೀ, ತಲೆ ಕೆಟ್ಟಿದ್ಯಾ ಅಂತ, ಆಕಾಶ ನೋಡ್ಕೊಂಡು ಕೆಲಸ ಮಾಡೋರು ನಾವು, ಸುಮ್ನಿರೇ ಅಂದೆ — ಅವಳೂ ನಕ್ಕಳು, ಮೆಟ್ಟಿಲು ಹತ್ತಿ ಪರದೆಯ ಮುಂದೆ ಬಂದು ಕೂತಳು.

ಅವಳು ತೆಗೆದದ್ದು ಬೆಳಗಿನ ಆರು, ದೀಪ ಹತ್ತಿದ್ದು ನಕ್ಷತ್ರದ ಆರು, ಆ ಬೆಳಕೆಲ್ಲ ಎಣಿಕೆಯಲ್ಲೇ ಉಳಿದಿದೆ, ಈ ಉಬ್ಬು ಆಕಾಶದ್ದಲ್ಲ, ಯಾರಿಗೂ ಗೊತ್ತಿಲ್ಲ, ರಿಜಿಸ್ಟರಿನಲ್ಲಿ ಆರು ಎಂದೇ ಇದೆ, ಬಾಯಿ ಮುಚ್ಚಿಕೊಂಡಿದ್ದರೆ ಆಯಿತು, ಛೆ, ಎಂಥ ಆಸೆ — ಕುರ್ಚಿಗಳು ಸರಿಯುತ್ತವೆ, ಶುರು ಮಾಡಮ್ಮಾ ಎನ್ನುತ್ತಾರೆ ಮುಖ್ಯಸ್ಥರು, ಕೊನೆಯ ಸಾಲಿನಲ್ಲಿ ದೀಪದಣ್ಣ, ಇಸ್ತ್ರಿ ಮಾಡಿದ ಅಂಗಿ, ಪಕ್ಕದಲ್ಲಿ ಅತ್ತಿಗೆ, ಅಣ್ಣ ಬೆರಳೆತ್ತಿ ಪರದೆಯನ್ನು ಹೆಂಡತಿಗೆ ತೋರಿಸುತ್ತಿದ್ದಾರೆ, ಆ ಬೆರಳು — ತನ್ನ ಆರು ವರ್ಷಕ್ಕೆ ಅಳು ಬರುತ್ತಿದೆ, ಅವರ ಎರಡು ವರ್ಷಕ್ಕೆ ಇನ್ನೂ ಹೆಚ್ಚು — ಈ ಉಬ್ಬು ನಮ್ಮ ದೀಪದ್ದು, ಯಾವ ಗಡಿಯಾರದ ಆರು ಎಂದು ನಾನು ಒಮ್ಮೆಯೂ ಕೇಳಲಿಲ್ಲ, ತಪ್ಪು ನನ್ನದು, ತನ್ನದೇ ದನಿ ಎಲ್ಲೋ ದೂರದಿಂದ ಕೇಳಿಸುತ್ತದೆ, ಯಾರೋ ಕೆಮ್ಮುತ್ತಾರೆ, ಮುಂದೇನು ಹೇಳಬೇಕಿತ್ತು, ಮುಂದೆ, ಪರದೆಯ ಕಡೆಗೆ ಚಾಚಿದ ಆ ಬೆರಳು ಇನ್ನೂ ಕೆಳಗಿಳಿದಿಲ್ಲ, ಆ ಬೆರಳು.