ಮಂಜುಗಡ್ಡೆಯ ಮೇಲೆ ಮೇಯರ್ ಟ್ರಕ್

ನಮ್ಮೂರಿನಲ್ಲಿ ಆಸ್ಪತ್ರೆಯಿದೆ. ಒಳಗೆ ಕುರ್ಚಿಗಳಿವೆ, ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳಿವೆ, ಹಳೆಯ ಡಾಕ್ಟರು ನಿವೃತ್ತರಾದ ಮೇಲೂ ಮೀನುಗಳಿಗೆ ಹೊತ್ತುಹೊತ್ತಿಗೆ ಆಹಾರ ಬೀಳುತ್ತದೆ. ಡಾಕ್ಟರು ಮಾತ್ರ ಇಲ್ಲ. ನನ್ನ ಗಂಡ ಆರ್ವಿಡ್‌ನ ಹೃದಯ ದುರ್ಬಲ. ತಪಾಸಣೆಗೆ ಅವನನ್ನು ಎಪ್ಪತ್ತು ಮೈಲಿ ಆಚೆಯ ಊರಿಗೆ ಕರೆದೊಯ್ಯಬೇಕು. ಹಿಮಗಾಳಿ ಎದ್ದರೆ ಆ ದಾರಿಯೂ ಮುಚ್ಚುತ್ತದೆ. ಹಾಗಾಗಿ ಜನವರಿಯಲ್ಲಿ ನ್ಯೂಜೆರ್ಸಿಯಿಂದ ಡಾಕ್ಟರ್ ರೋಸಾನಾ ಪೆಟ್ರಿಲ್ಲೊ ಊರು ನೋಡಿಹೋಗಲು ಬರುತ್ತಾರೆಂಬುದು ಉಳಿದವರಿಗೆ ಸುದ್ದಿ, ನನಗೆ ಆರ್ವಿಡ್‌ನ ಆಯುಷ್ಯ.

ಅವರನ್ನು ಒಲಿಸಿಕೊಳ್ಳುವ ಹೊಣೆ ಮೇಯರ್ ಡ್ಯಾರಿಲ್ ಕ್ವಾಮ್‌ನದು. ಶಾಲೆಯಲ್ಲಿ ನಾನೇ ಅವನಿಗೆ ವಿಜ್ಞಾನ ಕಲಿಸಿದ್ದೆ; ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಎಂಬ ಪಾಠದಲ್ಲಿ ಅವನು ಫೇಲಾಗಿದ್ದ. ಈಗ ಅವನು ‘ಬದುಕಲು ಯೋಗ್ಯ ಊರು’ ಎಂಬ ಪ್ರಚಾರ ಪುಸ್ತಿಕೆ ಬರೆದಿದ್ದ. ಅದರಲ್ಲಿ ನಮ್ಮ ಬೇಸಿಗೆಯ ಸೊಳ್ಳೆಗಳು ‘ಸಮೃದ್ಧ ಜೀವವೈವಿಧ್ಯ’ವಾಗಿದ್ದವು. ಮೂಗು ಮರಗಟ್ಟಿಸುವ ಚಳಿ ‘ಚೈತನ್ಯದಾಯಕ ಹವೆ’ಯಾಗಿತ್ತು. ಊರಿನ ಹೆಮ್ಮೆ ‘ವರ್ಷವಿಡೀ ಹೊರಾಂಗಣ ಸಂಭ್ರಮ’.

ಆ ವರ್ಷ ಚಳಿಗಾಲವೇ ಕೈಕೊಟ್ಟಿತು. ಹಿಮದ ಮೇಲೆ ಜಾರುವ ದಾರಿಯಲ್ಲಿ ಒಣಹುಲ್ಲು ಎದ್ದು ನಿಂತಿತ್ತು. ಜನವರಿಯಲ್ಲಿ ಮಳೆ ಬಂತು. ತೋರಿಸಲು ಉಳಿದಿದ್ದು ಟಾಮರ್ಯಾಕ್ ಕೆರೆ ಒಂದೇ. ಅದು ಹೆಪ್ಪುಗಟ್ಟಿದಾಗ ಮೇಲೆ ಪುಟ್ಟ ಮರದ ಗುಡಿಸಲಿಟ್ಟು, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವುದು ನಮ್ಮವರ ಪರಮಸುಖ. ನಾನು ಹೋಗಿ ದಡದ ಬಳಿ ಕೊರೆದು ಅಳೆದೆ. ಅದು ಐದೇ ಅಂಗುಲ ದಪ್ಪವಿತ್ತು. ಮನುಷ್ಯನಿಗೆ ಸಾಕು. ಪಿಕಪ್ ಟ್ರಕ್ಕಿಗೆ ಅದರ ಎರಡೂವರೆ ಪಟ್ಟು ಬೇಕು.

ಕೆಫೆಯಲ್ಲಿ ಡ್ಯಾರಿಲ್ ಸಿಕ್ಕ. “ಶನಿವಾರ ಡಾಕ್ಟ್ರಮ್ಮನಿಗೆ ಮೀನು ಹಿಡಿಯೋದು ತೋರಿಸ್ತೀನಿ ಮಿಸ್. ಗುಡಿಸಲನ್ನ ನನ್ ಟ್ರಕ್ಕಲ್ಲೇ ಕೆರೆ ಮಧ್ಯಕ್ಕೆ ಎಳ್ಕೊಂಡ್ ಹೋಗ್ತೀನಿ.”

“ಓ... ಟ್ರಕ್ಕಲ್ಲೇನಪ್ಪಾ?” ಎಂದೆ.

“ಹೊಸದು. ನೋಡಿಲ್ವಾ?”

“ನೋಡ್ದೆ, ಚೆನ್ನಾಗಿದೆ. ಈ ಸಲ ಚಳಿ ಮಾತ್ರ ಸ್ವಲ್ಪ ಬೇರೆ ಥರ ಇದೆ, ಅಲ್ವಾ?”

“ಹೌದೌದು, ಬೇರೆ ಥರ.”

ಪಕ್ಕದ ಮೇಜಿನಲ್ಲಿದ್ದ ಓರ್ಲಿನ್, ಗಾಳ ಮತ್ತು ಎರೆಹುಳು ಮಾರುವವನು, ಕಾಫಿಯಿಂದ ತಲೆಯೆತ್ತಲಿಲ್ಲ. “ನಾನಾಗಿದ್ರೆ ನಡ್ಕೊಂಡ್ ಹೋಗ್ತಿದ್ನೇನೋ. ಅದು ನನ್ ಮಾತು, ಬಿಡು.”

ನಮ್ಮೂರಿನಲ್ಲಿ ಇದಕ್ಕಿಂತ ಜೋರಾಗಿ ಯಾರೂ ಕಿರುಚುವುದಿಲ್ಲ. ಇನ್ನೊಬ್ಬರ ಮುಖಕ್ಕೆ ‘ಬೇಡ’ ಎನ್ನುವುದು ಅವರ ಅಂಗಳದಲ್ಲಿ ಕಸ ಸುರಿದಂತೆ. ಇಲ್ಲೇ ಹುಟ್ಟಿ ಬೆಳೆದ ಡ್ಯಾರಿಲ್‌ಗೆ ಇದು ಅರ್ಥವಾಗಬೇಕಿತ್ತು. ಆದರೆ ಬರೆದೂ ಬರೆದೂ ಅವನು ತನ್ನ ಪುಸ್ತಿಕೆಯನ್ನೇ ನಂಬಲು ತೊಡಗಿದ್ದ.

ಶನಿವಾರ ತುಂತುರು ಮಳೆ. ಕೆಂಪು ಕೋಟಿನ ಡಾಕ್ಟರು ನನ್ನ ಪಕ್ಕ ದಡದಲ್ಲಿ ನಿಂತಿದ್ದರು. ಊರವರೆಲ್ಲ ಕಾಫಿ ಹಿಡಿದು ಸಾಲಾಗಿ ಸೇರಿದ್ದರು. ಡ್ಯಾರಿಲ್ ಕೈಬೀಸಿ ಟ್ರಕ್ಕನ್ನು ಕೆರೆಗಿಳಿಸಿದ.

“ಅಲ್ರೀ, ಅದು ಒಡೆಯಲ್ವಾ?” ಎಂದರು ಡಾಕ್ಟರು.

“ಒಡೆದ್ರೂ ಒಡೀಬಹುದು,” ಎಂದ ಓರ್ಲಿನ್.

ಒಡೆಯಿತು. ಟ್ರಕ್ಕಿನ ಮೂತಿ ಬಾತುಕೋಳಿಯಂತೆ ನೀರಿಗೆ ಬಗ್ಗಿತು. ಡ್ಯಾರಿಲ್ ಕಿಟಕಿಯಿಂದ ತೆವಳಿ ಎದೆಮಟ್ಟದ ನೀರಿಗೆ ಬಿದ್ದ.

“ಹೇಗಿದೆಯೋ ನೀರು?” ಎಂದು ಓರ್ಲಿನ್ ಕೂಗಿದ.

“ಪ-ಪರವಾಗಿಲ್ಲ!” ಎಂದ ಡ್ಯಾರಿಲ್. ತುಟಿ ನೀಲಿಯಾಗಿತ್ತು.

ಆಗ ಗುಂಪು ಕದಲಿತು. ಒಬ್ಬ ಪೊದೆಯ ಹಿಂದಿನಿಂದ ಏಣಿ ತಂದ. ಮೂವರು ಕೋಟಿನೊಳಗಿಂದ ಹಗ್ಗ ತೆಗೆದರು. ಕಾರುಗಳ ಡಿಕ್ಕಿಗಳಿಂದ ಕಂಬಳಿಗಳು ಬಂದವು. ನನ್ನ ಚೀಲದಲ್ಲಿಯೂ ಬಿಸಿಸೂಪಿನ ಫ್ಲಾಸ್ಕಿತ್ತು. ನೋಡುನೋಡುತ್ತಲೇ ಮೇಯರ್ ದಡದಲ್ಲಿದ್ದ.

ಡಾಕ್ಟರು ಹಗ್ಗವನ್ನೂ ನಮ್ಮನ್ನೂ ನೋಡಿದರು. “ಇದನ್ನೆಲ್ಲ ಯಾವಾಗ ತಂದಿಟ್ರಿ?”

“ಬೆಳಿಗ್ಗೆ,” ಎಂದ ಓರ್ಲಿನ್.

“ಅಂದ್ರೆ ಮುಳುಗತ್ತೆ ಅಂತ ಗೊತ್ತಿತ್ತಾ?”

“ಸ್ವಲ್ಪ ಅನುಮಾನ ಇತ್ತು.”

“ಮತ್ತೆ ಅವ್ರಿಗ್ ಹೇಳೋಕೇನಾಗಿತ್ರೀ ನಿಮ್ಗೆ?”

“ಹೇಳಿದ್ವಲ್ಲ ಡಾಕ್ಟ್ರೇ!” ಓರ್ಲಿನ್‌ಗೆ ನಿಜಕ್ಕೂ ನೋವಾಗಿತ್ತು. “ಚಳಿ ಬೇರೆ ಥರ ಇದೆ ಅಂತ ಮಿಸ್ ಎಷ್ಟು ಸ್ಪಷ್ಟವಾಗಿ ಹೇಳಿದ್ರು!”

ಹತ್ತಿರವೆಂದು ಡ್ಯಾರಿಲ್‌ನನ್ನು ನಮ್ಮ ಮನೆಗೇ ತಂದೆವು. ಕಂಬಳಿಯಲ್ಲಿ ಸುತ್ತಿ ಒಲೆಯ ಮುಂದೆ ಕೂರಿಸಿದೆವು. ಡಾಕ್ಟರು ಅವನ ನಾಡಿ ನೋಡಿ, ಮೂಲೆಯ ಕುರ್ಚಿಯಲ್ಲಿದ್ದ ಆರ್ವಿಡ್‌ನ ಕಡೆ ತಿರುಗಿದರು.

“ನೀವು ಹೇಗಿದೀರಿ?”

“ಪರವಾಗಿಲ್ಲ.”

ಅವರು ಅವನ ಕಾಲುಚೀಲ ಸರಿಸಿ, ಊದಿದ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಕುಳಿ ಬಿತ್ತು, ತುಂಬಲಿಲ್ಲ. “ಮಲಗಿದ್ರೆ ಉಸಿರಾಡೋಕಾಗತ್ತಾ?”

ಆರ್ವಿಡ್ ನನ್ನನ್ನು ನೋಡಿದ. ಅವನು ಹಾಸಿಗೆಯಲ್ಲಿ ಮಲಗುವುದನ್ನು ಬಿಟ್ಟು ತಿಂಗಳ ಮೇಲಾಗಿತ್ತು. “ಈಚೆಗೆ ಅವನಿಗೆ ಕುರ್ಚೀನೇ ಇಷ್ಟ,” ಎಂದೆ ನಾನು.

“ನಿಮ್ಮೂರಿಗೆ ನಾನ್ ಯಾಕ್ರೀ?” ಎಂದರು ಡಾಕ್ಟರು. “ದನದ ಡಾಕ್ಟ್ರು ಸಾಕು. ಅವ್ರ ರೋಗಿಗಳೂ ಎಲ್ಲಿ ನೋವು ಅಂತ ಬಾಯ್ಬಿಡಲ್ಲ.”

“ಅವ್ರೂ ಹೋದ ವರ್ಷ ಊರು ಬಿಟ್ರು,” ಎಂದ ಡ್ಯಾರಿಲ್ ಕಂಬಳಿಯೊಳಗಿಂದ.

ಡಾಕ್ಟರು ನಗಲಿಲ್ಲ. “ನಾನು ಈ ಊರಿಗೆ ಬರ್ಬೇಕಾ?”

“ವರ್ಷವಿಡೀ ಹೊರಾಂಗಣ—” ಎಂದು ಶುರುಮಾಡಿದ ಡ್ಯಾರಿಲ್.

“ನೀವು ಸುಮ್ನಿರಿ, ಈಗಷ್ಟೇ ಮುಳುಗೆದ್ದಿದೀರಿ. ನಾನು ಇವ್ರನ್ನ ಕೇಳ್ತಿರೋದು.”

ಎಲ್ಲರೂ ನನ್ನನ್ನು ನೋಡಿದರು. “ಪಕ್ಕದ ಮನೆ ಖಾಲಿ ಇದೆ,” ಎಂದೆ. “ಬೀಗದ ಕೈ ನನ್ ಹತ್ರಾನೇ ಇರತ್ತೆ. ನಿಮಗೇನಾದ್ರೂ ತೊಂದ್ರೆ ಅನ್ಸಿದ್ರೆ ಖಂಡಿತ ಬೇಡ.”

ಅವರು ಕೋಟು ಎತ್ತಿಕೊಂಡರು. ಒಂದು ತೋಳು ಹಾಕಿದರು. ನನಗೆ ಟ್ರಕ್ಕು ಮೂತಿ ಬಗ್ಗಿಸಿದ್ದು ಕಣ್ಣಮುಂದೆ ಬಂತು, ನಾವೆಲ್ಲ ಹಗ್ಗ ಬಚ್ಚಿಟ್ಟುಕೊಂಡು ಕಾಫಿ ಕುಡಿಯುತ್ತ ನಿಂತಿದ್ದೂ.

“ಬನ್ನಿ,” ಎಂದೆ. ದನಿ ಒಡೆಯಿತು. “ನೀವು ಬರ್ದಿದ್ರೆ ಇವನು ಸಾಯ್ತಾನೆ.”

ಓರ್ಲಿನ್ ತನ್ನ ಬೂಟು ನೋಡತೊಡಗಿದ. ಡ್ಯಾರಿಲ್ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡ. ನಾನು ಬೀದಿಯಲ್ಲಿ ಬಟ್ಟೆ ಕಳಚಿದ್ದರೂ ಅವರಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮೇಜಿನ ಮೇಲೆ ನಿಂಬೆ ಕೇಕಿನ ಕೊನೆಯ ತುಂಡಿತ್ತು. ಕೊನೆಯದನ್ನು ಪೂರ್ತಿ ತೆಗೆದುಕೊಳ್ಳುವುದು ನಮ್ಮಲ್ಲಿ ಇಲ್ಲ. ಬಂದವರೆಲ್ಲ ಅರ್ಧ, ಅರ್ಧದಲ್ಲರ್ಧ ಎಂದು ಕತ್ತರಿಸಿ ಅದನ್ನು ಅಣುವಿನ ಗಾತ್ರಕ್ಕೆ ಇಳಿಸುತ್ತಿದ್ದರು. ಡಾಕ್ಟರು ಆ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

“ಏಪ್ರಿಲ್‌ಗೆ ಬರ್ತೀನಿ. ಆ ಬೀಗದ ಕೈ ಇಟ್ಕೊಂಡಿರಿ,” ಎಂದರು ಅಗಿಯುತ್ತ. “ಇವ್ರು ಅಲ್ಲೀವರೆಗೂ ಕಾಯೋ ಹಾಗಿಲ್ಲ. ಎಬ್ಸಿ, ಈಗ್ಲೇ ದೊಡ್ಡಾಸ್ಪತ್ರೆಗೆ ಹೊರಡೋಣ. ನನ್ ಕಾರಿದೆ.”

ಕಾರು ಕೆರೆಯ ಪಕ್ಕ ಹಾದಾಗ ಟ್ರಕ್ಕಿನ ಹಿಂಬದಿ ಮಾತ್ರ ಕಾಣುತ್ತಿತ್ತು. ಡಾಕ್ಟರು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿ ಮತ್ತೊಮ್ಮೆ ಕೇಳಿದರು, “ಹೇಗಿದೀರಿ?”

“ಪರವಾಗಿಲ್ಲ,” ಎಂದ ಆರ್ವಿಡ್. ನಾನು ಅವನ ಕೈ ಹಿಸುಕಿದೆ. ಅವನು ಕಿಟಕಿಯತ್ತ ಮುಖ ತಿರುಗಿಸಿ, ಎಷ್ಟೋ ಹೊತ್ತಿನ ಮೇಲೆ, “ಅಂತೇನಿಲ್ಲ,” ಎಂದು ಸೇರಿಸಿದ.

ಡಾಕ್ಟರು ಕಾರಿನ ವೇಗ ಹೆಚ್ಚಿಸಿದರು.